ಶಿವರಂಜನಿಯ ಮಳೆಯಂಗಿ

ಮಘಿ ಮಳೆ ಹಿಡಿದ ಮರುದಿನ ಶಾಲೆಯಿಂದ ಬಂದ ಶಿವರಂಜನಿ ಮುಂಬಾಗಿಲಿನಿಂದ ಒಳಗೆ ಬರಲಿಲ್ಲ. ಕೊಟ್ಟಿಗೆಯ ಮಗ್ಗುಲಿನ ಸಂದಿಯಿಂದ ಹಿತ್ತಲಿಗೆ ಹೋಗಿ, ಪಾಟಿಚೀಲವನ್ನು ಎದೆಗೆ ಅವಚಿಕೊಂಡು, ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು. ಹೊಲಿಗೆ ಮಷೀನಿನ ಮುಂದೆ ಕುಳಿತಿದ್ದ ಬಸವೇಶ್ವರಿ ಕಿಟಕಿಯಿಂದ ಅದನ್ನು ಕಂಡು ಎದ್ದು ಹೋದಳು. ಹುಡುಗಿಯ ಬಿಳಿ ಅಂಗಿ ತೊಯ್ದು ಮೈಗೆ ಮೆತ್ತಿಕೊಂಡು ಇದ್ದೂ ಇಲ್ಲದಂತಾಗಿತ್ತು. ಬಸವೇಶ್ವರಿ ಒಳಗೆ ಬಂದು ಮಂಚದ ಮೇಲಿನ ಚಾದರ ಎಳೆದುಕೊಂಡು ಹೋಗಿ ಅವಳಿಗೆ ಸುತ್ತಿದಳು.

"ಏನಾತವ್ವ?"

"ಏನಿಲ್ಲ."

ಬಸವೇಶ್ವರಿ ಏನು ಕೇಳಿದರೂ ಹುಡುಗಿ ಕೊಡುತ್ತಿದ್ದ ಉತ್ತರ ಅದೊಂದೇ. ಹೆತ್ತ ತಾಯಿ ಕಾಮಾಲೆಯಾಗಿ ತೀರಿಕೊಂಡು ವರ್ಷ ಕಳೆದ ಮೇಲೆ ಅಪ್ಪ ಭೀಮರಾಯ ಬಸವೇಶ್ವರಿಯನ್ನು ಮದುವೆಯಾಗಿ ಈ ಮನೆಗೆ ಕರೆತಂದಿದ್ದ. ಆಗ ಶಿವರಂಜನಿಗೆ ಹನ್ನೊಂದು. ಈಗ ಎಂಟನೆಯ ಇಯತ್ತೆ ಓದುತ್ತಿದ್ದಳು. 'ಚಿಗವ್ವ' ಎಂದು ಕರೆಯುತ್ತಿದ್ದಳು, ಕೊಟ್ಟದ್ದನ್ನು ಉಣ್ಣುತ್ತಿದ್ದಳು, ಹೇಳಿದ ಕೆಲಸ ಮಾಡುತ್ತಿದ್ದಳು. ಅದರಾಚೆಗೆ ತಾನಾಗಿ ಏನನ್ನೂ ಕೇಳಿದವಳಲ್ಲ, ಹೇಳಿದವಳೂ ಅಲ್ಲ.

ಮರುದಿನ ಹೊಟ್ಟೆನೋವು ಎಂದು ಶಾಲೆಗೆ ಹೋಗಲಿಲ್ಲ. ಅದರ ಮರುದಿನ ತಲೆನೋವು. ಮಳೆ ಜಡಿ ಹಿಡಿದಿತ್ತು. ಬಸವೇಶ್ವರಿಗೆ ಅನುಮಾನ ಬಂದು, ಆಚೆ ಓಣಿಯ ಪರಮಣ್ಣನ ಮಗಳು ದುರ್ಗಾಳನ್ನು ಕರೆದು ಕೇಳಿದಳು. ದುರ್ಗಾ ಎರಡು ವರ್ಷ ಕಿರಿಯಳು, ಇಬ್ಬರೂ ಸುರಪುರದ ಒಂದೇ ಶಾಲೆಗೆ ಹೋಗುವವರು.

"ಕ್ರಾಸಿನ್ಯಾಗ ಬಸ್ಸಿಳದು ಚಾದಂಗಡಿ ತಗಡಿನ ಕೆಳಗ ನಿಂತಿದ್ವಿ ರೀ" ಎಂದಳು ದುರ್ಗಾ. "ಅಲ್ಲೆ ಯಾರೋ ಕುಂತಿದ್ರು. ರಂಜಿ ಅಕ್ಕನ್ನ ನೋಡಿ ನಗಾಕತ್ರು. ಒಬ್ಬಾಂವ ಮೊಬೈಲ್ ಎತ್ತಿದ. ಅಕ್ಕ ಮಳ್ಯಾಗ ಓಡಿಬಿಟ್ಲು."

ಆ ಮಾತು ಕೇಳಿ ಬಸವೇಶ್ವರಿ ದುರ್ಗಾಳನ್ನು ಮನೆಗೆ ಕಳಿಸಿದಳು. ತಾನೂ ಆ ವಯಸ್ಸಿನಲ್ಲಿ ಕಕ್ಕೇರಾದ ತವರಿನಲ್ಲಿ ಮಳೆಗಾಲದ ದಿನ ಶಾಲೆಯಿಂದ ಓಡಿಬಂದದ್ದು ನೆನಪಾಯಿತು. ತನ್ನನ್ನು ಶಾಲೆ ಬಿಡಿಸಿದ್ದು ಅದರ ಮುಂದಿನ ವರ್ಷವೇ. ಈ ಹುಡುಗಿ ಇನ್ನೆರಡು ವಾರ ಮನೆಯಲ್ಲಿ ಕುಳಿತರೆ ಹೇಗೂ ಮನೆಯಲ್ಲೇ ಇದ್ದಾಳಲ್ಲ ಎಂದು ಜನ ವರ ಹುಡುಕಲು ಶುರು ಮಾಡುತ್ತಾರೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಭೀಮರಾಯ ಮೂರು ಗಾಲಿಯ ಟಂಟಂ ಗಾಡಿ ಇಟ್ಟುಕೊಂಡು ಯಾದಗಿರಿ, ಶಹಾಪುರದ ಅಂಗಡಿಗಳಿಗೆ ಸಾಮಾನು ಹಾಕುವವನು. ಹೆಂಡತಿ ಹೇಳಿದ್ದಕ್ಕೆ ಯಾದಗಿರಿಯಿಂದ ಒಂದು ರೇನ್‌ಕೋಟು ತಂದ. ತೆಳ್ಳನೆಯ ಪ್ಲಾಸ್ಟಿಕ್ಕು, ಮೊಣಕಾಲಿನವರೆಗೆ ಮಾತ್ರ. ಆಚೆ ಕಡೆಯಿಂದ ನೋಡಿದರೆ ಈಚೆ ಕಡೆ ಕಾಣುವಂಥದ್ದು. ಶಿವರಂಜನಿ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ಮತ್ತೆ ಬಿಚ್ಚಿ ಮಡಿಚಿ ಇಟ್ಟಳು.

"ಇದು ಹಾಕ್ಕೊಂಡ್ರೂ ಅಷ್ಟ, ಬಿಟ್ರೂ ಅಷ್ಟ" ಎಂದಳು.

"ನಾ ಹೊಲದು ಕೊಟ್ರ ಹಾಕ್ಕೋತಿ?" ಎಂದು ಕೇಳಿದಳು ಬಸವೇಶ್ವರಿ.

ಹುಡುಗಿ ತಲೆ ಎತ್ತಿ ನೋಡಿದಳು. "ಉದ್ದ ಇರ್ಬೇಕು" ಎಂದಳು. "ಕಾಲಿನ ತನ."

ಬಸವೇಶ್ವರಿ ಮರುದಿನವೇ ಸುರಪುರಕ್ಕೆ ಹೋದಳು. ಬಸ್ ಸ್ಟ್ಯಾಂಡಿನ ಹಿಂದೆ ಉಸ್ಮಾನಸಾಬ ಎಂಬ ಮುದುಕರು ಮೋಟರ್‌ಸೈಕಲ್ಲಿನ ಸೀಟು, ಗಾಡಿಗಳ ಹೊದಿಕೆ ಹೊಲಿಯುತ್ತಾರೆ. ಅವರ ಹತ್ತಿರ ಕಾರಿನ ಹೊದಿಕೆಗೆ ತರಿಸಿದ್ದ ಕಡುನೀಲಿ ಬಟ್ಟೆ ಉಳಿದಿತ್ತು. ಹೊರಗೆ ನುಣುಪು, ಒಳಗೆ ಬೆಳ್ಳಿ ಬಣ್ಣ.

"ಒಂದು ಹನಿ ಒಳಗ ಬಿಡಂಗಿಲ್ಲ ಬೇಟಿ" ಎಂದರು ಉಸ್ಮಾನಸಾಬ. "ಖರೆ, ಸೂಜಿ ಚುಚ್ಚಿದಲ್ಲೆಲ್ಲ ತೂತು ಬೀಳ್ತದ. ಒಮ್ಮಿ ಹೊಲದ್ರ ಮುಗೀತು, ಬಿಚ್ಚಿ ಮತ್ತ ಹೊಲೀತೀನಂದ್ರ ನಡ್ಯಂಗಿಲ್ಲ. ಹೊಲಿಗಿ ಸ್ವಲ್ಪ ದೂರ ದೂರ ಹಾಕು. ಆಮ್ಯಾಲ ಒಳಗಿನ ಕಡಿಂದ ಮೇಣಬತ್ತಿ ತಿಕ್ಕು."

ಬಟ್ಟೆಗೆ ಗುಂಡುಸೂಜಿ ಚುಚ್ಚುವ ಹಾಗಿರಲಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನೇ ಅಂಚಿಗೆ ಸಾಲಾಗಿ ಕಚ್ಚಿಸಿದಳು. ಮಷೀನಿನಲ್ಲಿ ಸೂಜಿಯ ಹತ್ತಿರ ಬಟ್ಟೆ ಒತ್ತಿ ಹಿಡಿಯುವ ಕಾಲಿನ ಕೆಳಗೆ ಅದು ಜಾರದೆ ಅಂಟಿಕೊಂಡು ನಿಲ್ಲುತ್ತಿತ್ತು. ಅದಕ್ಕೆ ಹಳೆಯ ಪೇಪರಿನ ಪಟ್ಟಿ ಇಟ್ಟು ಹೊಲಿದು, ಆಮೇಲೆ ಪೇಪರನ್ನು ಹರಿದು ತೆಗೆದಳು. ಕುಪ್ಪಸ, ಲಂಗ, ಶಾಲೆಯ ಚಡ್ಡಿ ಹೊಲಿದು ರೂಢಿಯಾದ ಕೈ ಈ ಬಟ್ಟೆಗೆ ಬಗ್ಗಲು ತಡವಾಯಿತು. ಶಿವರಂಜನಿ ಮೊದಲು ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, ಆಮೇಲೆ ಮಷೀನಿನ ಪಕ್ಕಕ್ಕೇ ಬಂದು ಕುಳಿತಳು. ಬಟ್ಟೆಯ ಭಾರ ಎಳೆಯದ ಹಾಗೆ ಅದರ ತುದಿಯನ್ನು ತೊಡೆಯ ಮೇಲೆ ಹಿಡಿದುಕೊಂಡಳು.

"ಪಾಟಿಚೀಲ ಒಳಗ ಬರಂಗ ಮಾಡು ಚಿಗವ್ವ. ಬೆನ್ನ ಮ್ಯಾಲ ಹಾಕ್ಕೊಂಡು, ಅದರ ಮ್ಯಾಲ ಇದು."

"ಆತು."

"ತೋಳು ಸಡ್ಲ ಇರ್ಲಿ. ಮೈಗಿ ಹತ್ತಬಾರ್ದು."

"ಆತವ್ವ."

"ಮುಂದ ಗಾಳಿಗಿ ತೆರಕೋಬಾರ್ದು. ಗುಂಡಿ ಕಿತ್ತೋದ್ರ?"

"ಒಳಗ ಒಂದು ಪದರು, ಹೊರಗ ಒಂದು ಪದರು ಕೊಡ್ತೀನಿ. ಗುಂಡಿ ಬ್ಯಾಡ, ಕಸಿ ಹಚ್ತೀನಿ. ಎರಡು ಗಂಟು ಹಾಕಿದ್ರ ಯಾವ ಗಾಳೀನೂ ಬಿಚ್ಚಂಗಿಲ್ಲ."

ಕುತ್ತಿಗೆಯಿಂದ ಮೊಣಕಾಲಿನವರೆಗೆ ಒಳಗೂ ಹೊರಗೂ ಕಸೆಗಳನ್ನು ಹಚ್ಚಿದಳು. ಅದೇ ಬಟ್ಟೆಯನ್ನು ಮಡಿಚಿ ಹೊಲಿದ ಗಟ್ಟಿ ದಾರಗಳು. ಎರಡು ವರ್ಷದಲ್ಲಿ ಮೊದಲ ಸಲ ಈ ಹುಡುಗಿ ಬಾಯಿಬಿಟ್ಟು ಇದು ಬೇಕು, ಅದು ಬೇಕು ಎಂದು ಕೇಳುತ್ತಿದ್ದಳು. ಬಸವೇಶ್ವರಿಗೆ ಯಾವುದಕ್ಕೂ ಇಲ್ಲವೆನ್ನಲು ಮನಸ್ಸು ಬರಲಿಲ್ಲ. ಇನ್ನೂ ಉದ್ದ ಕೇಳಿದ್ದರೆ ಇನ್ನೂ ಉದ್ದ ಹೊಲಿಯುತ್ತಿದ್ದಳು.

ಅಂಗಿ ಮುಗಿದ ಮೇಲೆ ಶಿವರಂಜನಿ ಮತ್ತೆ ಶಾಲೆಗೆ ಹೊರಟಳು. ತಲೆಗೆ ಟೊಪ್ಪಿಗೆ, ಕಾಲಿನವರೆಗೆ ನೀಲಿ, ಬೆನ್ನಿನ ಮೇಲೆ ಪಾಟಿಚೀಲದ ಗೂನು. ಕ್ರಾಸಿನ ಚಾದಂಗಡಿಯವರು ಅವಳು ಯಾರು ಎಂದು ಗುರುತು ಹಿಡಿಯಲಿಲ್ಲ ಎಂದು ದುರ್ಗಾ ಬಂದು ನಗುತ್ತ ಹೇಳಿದಳು. ಒಂದು ಸಲ ಅಂಗಿ ಕೆಸರಾಗಿ ಬಂದಾಗ ಬಸವೇಶ್ವರಿ ಅದನ್ನು ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿಸಿದಳು. ಎತ್ತಲು ಹೋದರೆ ಬರಲೇ ಇಲ್ಲ. ತೋಳು, ಟೊಪ್ಪಿಗೆ, ಎರಡು ಪದರಿನ ನಡುವೆ ಎಲ್ಲೆಲ್ಲೂ ನೀರು ತುಂಬಿ ಅಂಗಿ ಒಂದು ಚೀಲದ ಹಾಗೆ ಊದಿಕೊಂಡಿತ್ತು. ಎರಡು ಕೈಯಿಂದ ಎಳೆದು ತೊಟ್ಟಿಯ ಅಂಚಿಗೆ ಒರಗಿಸಿ ನೀರು ಸುರಿಯಬೇಕಾಯಿತು. ಮಣಿಕಟ್ಟು ನೋಯಿತು. ಹನಿ ನೀರು ಸೋರದಂಥ ಹೊಲಿಗೆಯಾಗಿದೆ ಎಂದು ಆಗ ಅವಳಿಗೆ ಖುಷಿಯೇ ಆಯಿತು.

ಉತ್ತರಿ ಮಳೆಯಲ್ಲಿ ಒಂದು ದಿನ ಬೆಳಗಿನಿಂದಲೇ ಆಕಾಶ ಕವುಚಿಕೊಂಡು ಸುರಿಯತೊಡಗಿತು. ಮಧ್ಯಾಹ್ನದ ಹೊತ್ತಿಗೆ ಅಂಗಳದ ನೀರು ಹೊಸ್ತಿಲಿಗೆ ಬಂತು. ಬಸವೇಶ್ವರಿ ಕುಪ್ಪಸದ ಬಟ್ಟೆ ಕತ್ತರಿಸುತ್ತಿದ್ದಾಗ, ಪಕ್ಕದ ಮನೆಯ ಮುದುಕಿ ಹಂಪಮ್ಮ ಗೋಣಿಚೀಲವನ್ನು ತಲೆಯ ಮೇಲೆ ಹೊದ್ದುಕೊಂಡು ಬಾಗಿಲಿಗೆ ಬಂದಳು.

"ಬಸವೇಶ್ವರಿ, ಹಳ್ಳ ಬಂದದಂತ! ಪುಲ್ ಮ್ಯಾಲ ನೀರು ಹೊಂಟದಂತ!"

"ಹುಡುಗ್ರು ಸಂಜೀಗಿ ಬರ್ತಾರ ಬಿಡತ್ತಿ. ಅಷ್ಟರಾಗ ಇಳೀತದ."

"ಏನ್ ಸಂಜೀಗಿ! ಮಳಿ ಜೋರದ ಅಂತ ಸಾಲಿ ಮಧ್ಯಾಹ್ನಕ್ಕ ಬಿಟ್ಟಾರ. ಪರಮಣ್ಣಗ ಕ್ರಾಸಿಂದ ಫೋನ್ ಬಂದಿತ್ತು. ಹುಡುಗ್ರು ಆಗ್ಲೇ ಬಸ್ಸಿಳದು ನಡಕೊಂಡು ಹೊಂಟಾರಂತ."

ದೇವಾಪುರದ ಕಡೆಯ ಕ್ರಾಸಿನಿಂದ ಊರಿಗೆ ಬರಬೇಕಾದರೆ ನಡುವೆ ಹಳ್ಳ ದಾಟಬೇಕು. ಅದರ ಮೇಲಿನ ಸೇತುವೆ ಎಂದರೆ ದಾರಿಯ ಮಟ್ಟಕ್ಕೇ ಹಾಕಿದ ಸಿಮೆಂಟಿನ ಹಾಸು, ಎರಡೂ ಅಂಚಿಗೆ ಮೊಣಕಾಲೆತ್ತರದ ಕಲ್ಲುಗಳು, ಅಷ್ಟೇ. ಬೇಸಿಗೆಯಲ್ಲಿ ಅದರ ಕೆಳಗೆ ಎಮ್ಮೆಗಳು ಮಲಗುತ್ತವೆ.

ಬಸವೇಶ್ವರಿಯ ಕಣ್ಣಿಗೆ ಹಳ್ಳ ಬರಲಿಲ್ಲ. ಹಿತ್ತಲಿನ ತೊಟ್ಟಿ ಬಂತು. ಎತ್ತಿದರೂ ಏಳದೆ ನೀರು ಕುಡಿದು ಊದಿಕೊಂಡಿದ್ದ ಆ ನೀಲಿ ಅಂಗಿ ಬಂತು. ಅದರೊಳಗೆ ಈಗ ಹುಡುಗಿ ಇದ್ದಾಳೆ. ಬೆನ್ನಿಗೆ ಪುಸ್ತಕದ ಭಾರ ಕಟ್ಟಿದೆ. ಕುತ್ತಿಗೆಯಿಂದ ಮೊಣಕಾಲಿನವರೆಗೆ ಎರಡೆರಡು ಗಂಟು. ಬಿಚ್ಚಬಾರದೆಂದೇ ತಾನು ಹೊಲಿದ ಗಂಟು.

ಅವಳು ಓಡಿದಳು. ಕಾಲಿಗೆ ಚಪ್ಪಲಿ ಇರಲಿಲ್ಲ. ಬಲಗೈಯ ಬೆರಳುಗಳಿಗೆ ಕತ್ತರಿ ಹಾಗೆಯೇ ಸಿಕ್ಕಿಕೊಂಡಿತ್ತು. ಅದು ಇದೆಯೆಂಬ ಅರಿವೂ ಅವಳಿಗಿರಲಿಲ್ಲ. ಎರೆಮಣ್ಣಿನ ದಾರಿ ಕಾಲನ್ನು ಹಿಡಿದು ಹಿಡಿದು ಬಿಡುತ್ತಿತ್ತು. ಹತ್ತಿ ಹೊಲದ ಬದುವಿನ ಮೇಲೆ ಬಿದ್ದು ಎದ್ದಳು. ಮಳೆಯ ಸಪ್ಪಳದ ಕೆಳಗೆ ಇನ್ನೊಂದು ಸಪ್ಪಳ ಕೇಳತೊಡಗಿತು, ದೂರದಲ್ಲಿ ಲಾರಿ ಏರು ಹತ್ತಿದಂತೆ. ಅದು ಹಳ್ಳದ ಸಪ್ಪಳ ಎಂದು ತಿಳಿದಾಗ ಅವಳ ಬಾಯಿಯಿಂದ "ಯಪ್ಪಾ ಶಿವನೇ" ಎಂಬುದನ್ನು ಬಿಟ್ಟು ಬೇರೇನೂ ಬರಲಿಲ್ಲ. ಹುಡುಗಿ ಕೊಚ್ಚಿಹೋದರೆ ಜನ ಏನೆನ್ನುತ್ತಾರೆ ಎಂಬುದೂ ಒಂದು ಕ್ಷಣ ತಲೆಯಲ್ಲಿ ಹಾದುಹೋಯಿತು. ಮಲತಾಯಿ ಹುಡುಗಿಯನ್ನು ಚೀಲದಲ್ಲಿ ಕಟ್ಟಿ ಹಳ್ಳಕ್ಕೆ ಕಳಿಸಿದಳು ಎನ್ನುತ್ತಾರೆ. ಅಂಥ ವಿಚಾರ ಬಂದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹಳ್ಳದ ದಂಡೆಯ ಮೇಲೆ ಏಳೆಂಟು ಜನ ಸೇರಿದ್ದರು. ದುರ್ಗಾಳ ಅಪ್ಪ ಪರಮಣ್ಣ ಟ್ರ್ಯಾಕ್ಟರನ್ನು ನೀರಿನ ಅಂಚಿಗೆ ತಂದು ನಿಲ್ಲಿಸಿ, ಕಂಬಳಿ ಕೊಪ್ಪೆ ಹಾಕಿಕೊಂಡು ಆಚೆಗೆ ನೋಡುತ್ತಿದ್ದ. ಹಳ್ಳ ಚಹಾದ ಬಣ್ಣಕ್ಕೆ ತಿರುಗಿ, ಜಾಲಿಯ ಟೊಂಗೆಗಳನ್ನು ಹೊತ್ತುಕೊಂಡು ಹೋಗುತ್ತಿತ್ತು. ಸೇತುವೆ ಕಾಣುತ್ತಿರಲಿಲ್ಲ, ಅಂಚಿನ ಕಲ್ಲುಗಳ ತಲೆಗಳು ಮಾತ್ರ ಸಾಲಾಗಿ ಆಗೊಮ್ಮೆ ಈಗೊಮ್ಮೆ ಕಾಣಿಸುತ್ತಿದ್ದವು. ಕಳೆ ತೆಗೆಯಲು ಹೋಗಿದ್ದ ಹೆಣ್ಣುಮಕ್ಕಳ ಗುಂಪೊಂದು ಕೈ ಕೈ ಹಿಡಿದುಕೊಂಡು ದಾಟಿ ಬರುತ್ತಿತ್ತು. ನೀರು ಅವರ ಮೊಣಕಾಲಿನ ಮೇಲಿತ್ತು. ಆಚೆ ದಂಡೆಯಲ್ಲಿ ದೇವಾಪುರದ ಒಬ್ಬ ಮುದುಕಿ, ಅವಳ ಪಕ್ಕದಲ್ಲಿ ದುರ್ಗಾ. ದುರ್ಗಾಳ ಪಕ್ಕದಲ್ಲಿ ನೀಲಿ.

"ರಂಜೀ! ಬರಬ್ಯಾಡ! ಅಲ್ಲೇ ನಿಂದ್ರು!"

ಬಸವೇಶ್ವರಿ ಎರಡೂ ಕೈ ಎತ್ತಿ ಬೀಸಿದಳು. ಅವಳ ಕೂಗು ನಾಲ್ಕು ಮಾರು ದಾಟುವ ಮೊದಲೇ ನೀರಿನಲ್ಲಿ ಸತ್ತುಹೋಗುತ್ತಿತ್ತು. ಮತ್ತೂ ಜೋರಾಗಿ ಕೈ ಬೀಸಿದಳು. ನೀಲಿ ಟೊಪ್ಪಿಗೆ ಇತ್ತ ತಿರುಗಿತು. ಹುಡುಗಿ ಚಿಗವ್ವನನ್ನು ಕಂಡಳು.

"ಕೈ ಇಳಸು ತಂಗಿ!" ಪರಮಣ್ಣ ಚೀರಿದ. "ಕರದಂಗ ಕಾಣ್ತದ, ಇಳಸು!"

ಬಸವೇಶ್ವರಿ ಕೈ ಇಳಿಸುವಷ್ಟರಲ್ಲಿ ಶಿವರಂಜನಿ ನೀರಿಗೆ ಕಾಲಿಟ್ಟಿದ್ದಳು. ಚಿಗವ್ವ ಕರೆದಳು, ಅವಳು ಬಂದಳು. ಯಾವಾಗಲೂ ಹೇಳಿದ್ದು ಕೇಳುವ ಹುಡುಗಿ. ಮುದುಕಿ ದುರ್ಗಾಳನ್ನು ತೆಕ್ಕೆಯಲ್ಲಿ ಹಿಡಿದುಕೊಂಡಳು. ನೀಲಿ ಅಂಗಿಯನ್ನು ಹಿಡಿಯಲು ಚಾಚಿದ ಅವಳ ಇನ್ನೊಂದು ಕೈಗೆ ನುಣುಪು ಬಟ್ಟೆ ಸಿಕ್ಕಲಿಲ್ಲ.

ಮೊದಲ ಕೆಲವು ಹೆಜ್ಜೆ ಶಿವರಂಜನಿ ನೆಟ್ಟಗೆ ನಡೆದಳು. ಮುಂದಿದ್ದ ಹೆಣ್ಣುಮಕ್ಕಳು ದೂರವಾಗಿದ್ದರು, ಹಿಡಿಯಲು ಅವಳಿಗೆ ಯಾರ ಕೈಯೂ ಇರಲಿಲ್ಲ. ಆಮೇಲೆ ಅಂಗಿಯ ಅಂಚು ನೀರಿನ ಮೇಲೆ ಹೂವಿನ ಹಾಗೆ ಅರಳಿ ನಿಂತದ್ದು ಬಸವೇಶ್ವರಿಗೆ ಕಂಡಿತು. ಮರುಕ್ಷಣ ಅದರ ಕೆಳಗೆ ನೀರು ನುಗ್ಗಿತು. ಅಂಗಿ ಊದಿಕೊಂಡಿತು. ಯಾರೋ ಪಕ್ಕದಿಂದ ಜಗ್ಗಿದಂತೆ ಹುಡುಗಿ ಅಡ್ಡಲಾಗಿ ಬಿದ್ದಳು.

ದಂಡೆಯ ಮೇಲಿದ್ದವರೆಲ್ಲ ಒಂದೇ ಸಲ ಕೂಗಿದರು. ನೀಲಿ ಕಾಣೆಯಾಯಿತು, ಕಂಡಿತು, ಅಂಚಿನ ಕಲ್ಲಿಗೆ ಬಡಿಯಿತು. ಎರಡು ಸಣ್ಣ ಕೈಗಳು ಆ ಕಲ್ಲನ್ನು ತಬ್ಬಿಕೊಂಡವು. ಮೈ ಕಲ್ಲಿನ ಈಚೆಗಿತ್ತು, ನೀರು ತುಂಬಿದ ಅಂಗಿ ಕಲ್ಲಿನಾಚೆ ಸೇತುವೆಯಿಂದ ಕೆಳಕ್ಕೆ ಜೋತು ಅವಳನ್ನು ಎಳೆಯುತ್ತಿತ್ತು.

ಪರಮಣ್ಣ ಟ್ರ್ಯಾಕ್ಟರಿನ ಹಗ್ಗ ತೆಗೆದು ತನ್ನ ನಡುವಿಗೆ ಸುತ್ತಿಕೊಳ್ಳತೊಡಗಿದ. ಬಸವೇಶ್ವರಿ ಅದನ್ನು ಕಿತ್ತುಕೊಂಡಳು.

"ನೀ ಹಿಡಿಯೋ ಅಣ್ಣ. ನೀ ಹೋದ್ರ ನಾ ನಿನ್ನ ಜಗ್ಗಲಾರೆ. ನನ್ನ ನೀ ಜಗ್ತಿ."

ವಾದ ಮಾಡಲು ಹೊತ್ತಿರಲಿಲ್ಲ. ಅವನು ಅವಳ ನಡುವಿಗೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ, ತಾನು ನಡುವೆ ಹಿಡಿದು ನಿಂತ. ಬಸವೇಶ್ವರಿ ನೀರಿಗೆ ಇಳಿದಳು. ನೀರು ಕಾಲನ್ನು ತಳ್ಳುತ್ತಿರಲಿಲ್ಲ, ಕಾಲಿನ ಕೆಳಗಿನ ನೆಲವನ್ನೇ ಎಳೆದುಕೊಂಡು ಹೋಗುತ್ತಿರುವಂತೆ ಅನ್ನಿಸುತ್ತಿತ್ತು. ಅವಳಿಗೆ ಈಜು ಬಾರದು. ಹೆಜ್ಜೆ ಎತ್ತಬಾರದು, ಜರುಗಿಸಬೇಕು ಎಂದು ಹಿಂದಿನಿಂದ ಪರಮಣ್ಣ ಕೂಗುತ್ತಿದ್ದ. ಅವಳು ಕಲ್ಲಿನಿಂದ ಕಲ್ಲಿಗೆ ಕೈ ಹಾಕುತ್ತ ಜರುಗಿದಳು. ಹೆದರಿಕೆ ಎಷ್ಟಿತ್ತೆಂದರೆ ಹಲ್ಲುಗಳು ತಾವಾಗಿಯೇ ಕಟಕಟಿಸುತ್ತಿದ್ದವು, ಆ ಸಪ್ಪಳ ಅವಳ ತಲೆಯೊಳಗೆ ಮಷೀನಿನ ಹಾಗೆ ಓಡುತ್ತಿತ್ತು. ಕಣ್ಣು ಮಾತ್ರ ಆ ಎರಡು ಕೈಗಳ ಮೇಲಿಂದ ಆಚೀಚೆ ಹೋಗಲಿಲ್ಲ. ಬೆರಳು ಒಂದೊಂದಾಗಿ ಬಿಳಿಚಿಕೊಳ್ಳುತ್ತಿದ್ದವು.

ಕೊನೆಗೆ ಹುಡುಗಿಯ ತೋಳು ಕೈಗೆ ಸಿಕ್ಕಿತು. ಎಳೆದಳು. ಬರಲಿಲ್ಲ. ತೊಟ್ಟಿಯಲ್ಲಿ ಬರದಿದ್ದ ಹಾಗೆಯೇ ಬರಲಿಲ್ಲ. ಕಲ್ಲನ್ನು ಕಾಲಿನಿಂದ ಒತ್ತಿ, ಕುತ್ತಿಗೆಯ ಗಂಟಿಗೆ ಕೈ ಹಾಕಿದಳು. ಅದು ನೀರು ಕುಡಿದು ಕಲ್ಲಾಗಿತ್ತು. ಆಗ ಬಲಗೈಯ ಬೆರಳಿಗೆ ಇನ್ನೂ ಕತ್ತರಿ ಸಿಕ್ಕಿಕೊಂಡಿರುವುದು ಕಂಡಿತು.

ಮೊದಲ ಕಸೆ ಕತ್ತರಿಸಿದಳು. ಎರಡನೆಯದಕ್ಕೆ ಕತ್ತರಿ ಹಾಕುವಾಗ, ಶಿವರಂಜನಿ ಒಂದು ಕೈಯನ್ನು ಕಲ್ಲಿನಿಂದ ಬಿಟ್ಟು ಅಂಗಿಯ ಎದೆಯ ಭಾಗವನ್ನು ಗಟ್ಟಿಯಾಗಿ ಮುಚ್ಚಿ ಹಿಡಿದಳು.

"ಬ್ಯಾಡ ಚಿಗವ್ವ! ಎಲ್ಲಾರೂ ನೋಡಾಕತ್ತಾರ!"

ಬಸವೇಶ್ವರಿ ತಿರುಗಿ ನೋಡಿದಳು. ದಂಡೆಯ ಮೇಲೆ ಒಬ್ಬ ಹುಡುಗ ನಿಜವಾಗಿಯೂ ಮೊಬೈಲ್ ಎತ್ತಿ ಹಿಡಿದಿದ್ದ. ಸಾಯುವ ಹೊತ್ತಿನಲ್ಲೂ ಈ ಕೂಸು ಹೆದರುತ್ತಿರುವುದು ನೀರಿಗಲ್ಲ.

"ನೋಡ್ಲಿ!" ಎಂದು ಅವಳು ಹುಡುಗಿಯ ಮುಖಕ್ಕೆ ಮುಖ ತಂದು ಚೀರಿದಳು. "ನೀ ಬದುಕಿದ್ದು ನೋಡ್ಲಿ! ಕೈ ತಗಿ ರಂಜೀ, ನಿನ್ನ ಕಾಲಿಗಿ ಬೀಳ್ತೀನಿ, ಕೈ ತಗಿ!"

ಹುಡುಗಿ ಕೈ ತೆಗೆಯಲಿಲ್ಲ. ಬಸವೇಶ್ವರಿ ಆ ಕೈಯ ಕೆಳಗೇ ಕತ್ತರಿ ತೂರಿಸಿ ಕತ್ತರಿಸಿದಳು. ಅಡ್ಡ ಬಂದದ್ದನ್ನೆಲ್ಲ ಕತ್ತರಿಸಿದಳು: ಕಸೆ, ಪದರು, ಚೀಲದ ಪಟ್ಟಿ. ತಾನು ಮೇಣ ತಿಕ್ಕಿ ತಿಕ್ಕಿ ಗಟ್ಟಿ ಮಾಡಿದ ಹೊಲಿಗೆ ಕತ್ತರಿಗೆ ಸುಲಭವಾಗಿ ಬಗ್ಗಲಿಲ್ಲ. ಕತ್ತರಿಯ ಮೊನೆ ತನ್ನದೇ ಅಂಗೈಗೆ ಹೊಕ್ಕದ್ದು ಅವಳಿಗೆ ಆಗ ತಿಳಿಯಲಿಲ್ಲ. ಕೊನೆಯ ಪದರು ಹರಿದಾಗ ಅಂಗಿ ಹುಡುಗಿಯ ತೋಳುಗಳಿಂದ ಒಮ್ಮೆಲೇ ಕಳಚಿಕೊಂಡು, ಪಾಟಿಚೀಲವನ್ನೂ ಎಳೆದುಕೊಂಡು, ಸೇತುವೆಯಿಂದ ಕೆಳಗೆ ಹೋಯಿತು. ಸ್ವಲ್ಪ ದೂರ ಅದು ಮನುಷ್ಯರ ಹಾಗೆಯೇ ತೇಲಿತು. ಬಸವೇಶ್ವರಿ ಅದನ್ನು ನೋಡಲಾರದೆ ಕಣ್ಣು ಮುಚ್ಚಿಕೊಂಡು, ಹುಡುಗಿಯನ್ನು ತನ್ನ ಮೈಗೆ ಒತ್ತಿ ಹಿಡಿದಳು. ಹಗ್ಗ ಬಿಗಿಯಾಯಿತು.

ದಂಡೆಗೆ ಬಂದು ಬಿದ್ದಾಗ ಪರಮಣ್ಣ ತನ್ನ ಕಂಬಳಿಯನ್ನು ಬಿಚ್ಚಿ ಹುಡುಗಿಯ ಮೇಲೆ ಹಾಕಿದ.

"ಆಕಡಿ ತಿರುಗ್ರಿ ಎಲ್ಲಾರೂ! ಏನು ನೋಡ್ತೀರಿ?" ಎಂದು ಅವನು ಗುಡುಗಿದ. ಜನ ತಿರುಗಿ ನಿಂತರು. ಅವನ ಸ್ವಂತ ಮಗಳು ಇನ್ನೂ ಆಚೆ ದಂಡೆಯಲ್ಲಿಯೇ ಇದ್ದಳು. ಅವನು ಎರಡೂ ಕೈಯನ್ನು ನೆಲದ ಕಡೆಗೆ ಒತ್ತಿ ಒತ್ತಿ, ಕೂತಿರು, ಕೂತಿರು ಎಂದು ಅವಳಿಗೆ ಸನ್ನೆ ಮಾಡುತ್ತಿದ್ದ. ದುರ್ಗಾ ಕೂತಳು. ಆ ದಿನ ಮುದುಕಿ ಅವಳನ್ನು ದೇವಾಪುರಕ್ಕೆ ಕರೆದುಕೊಂಡು ಹೋಗಿ ತನ್ನ ಮನೆಯಲ್ಲಿ ಮಲಗಿಸಿಕೊಂಡಳು.

ಶಿವರಂಜನಿಗೆ ಜ್ವರ ಬಂತು. ಭೀಮರಾಯ ಯಾದಗಿರಿಯಿಂದ ಸುತ್ತುಹಾಕಿ ಸಂಜೆ ಮನೆ ಮುಟ್ಟಿದಾಗ, ಬಸವೇಶ್ವರಿ ಅಂಗೈಗೆ ಬಟ್ಟೆ ಸುತ್ತಿಕೊಂಡು ಹುಡುಗಿಯ ಪಕ್ಕದಲ್ಲಿ ಕುಳಿತಿದ್ದಳು. ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು ಅವಳೇ ಎಲ್ಲವನ್ನೂ ಹೇಳಿದಳು.

"ನಾನೇ ಹೊಲದ ಅಂಗಿ ಆಕಿನ್ನ ಎಳಕೊಂಡು ಹೊಂಟಿತ್ತು. ನಾನೇ ಕೈ ಬೀಸಿ ಕರದಂಗಾತು. ನೀವು ಏನಾರ ಅನ್ರಿ."

ಭೀಮರಾಯ ಮಗಳ ಕಾಲ ಬಳಿ ಕುಳಿತು ಚಾದರದೊಳಗೆ ಕೈ ಹಾಕಿ ಪಾದಗಳನ್ನು ಮುಟ್ಟಿ ನೋಡಿದ. ಬೆಚ್ಚಗಿದ್ದವು. ಕೈ ಹಾಗೆಯೇ ಇಟ್ಟುಕೊಂಡು ಬಹಳ ಹೊತ್ತು ಕುಳಿತ. ಅವನ ಭುಜ ನಡುಗುತ್ತಿರುವುದನ್ನು ಕಂಡು ಬಸವೇಶ್ವರಿ ದೀಪ ಹಚ್ಚುವ ನೆಪದಲ್ಲಿ ಎದ್ದು ಒಳಗೆ ಹೋದಳು.

ನೀರು ಇಳಿದರೂ ಹೆದರಿಕೆ ಇಳಿಯಲಿಲ್ಲ. ಮರುದಿನ ಬೆಳಗ್ಗೆ ಹಂಪಮ್ಮ ಗಂಜಿ ತಂದುಕೊಟ್ಟು, "ಹಳ್ಳದ್ದು ಮೊಬೈಲಿನ್ಯಾಗ ಬಂದದಂತಲ್ಲವ್ವ, ಊರೆಲ್ಲ ನೋಡಾಕತ್ತದ" ಎಂದಳು. ಮಂಚದ ಮೇಲೆ ಮಲಗಿದ್ದ ಶಿವರಂಜನಿ ಅದನ್ನು ಕೇಳಿ ಮುಖದ ಮೇಲೆ ಚಾದರ ಎಳೆದುಕೊಂಡಳು. ಚಾದರದೊಳಗಿನಿಂದ ಒಂದು ಸಪ್ಪಳವೂ ಬರಲಿಲ್ಲ. ಆ ಸುಮ್ಮನಿರುವಿಕೆಯಿಂದ ಬಸವೇಶ್ವರಿಗೆ ಹಳ್ಳದ ದಂಡೆಯಲ್ಲಿ ಆದಷ್ಟೇ ಹೆದರಿಕೆಯಾಯಿತು. ಈ ವಯಸ್ಸಿನ ಹುಡುಗಿಯರು ಇಂಥ ಮಾತಿಗೆ ಏನೇನು ಮಾಡಿಕೊಳ್ಳುತ್ತಾರೆ ಎಂದು ಅವಳು ಕೇಳಿದ್ದಳು. ಹಂಪಮ್ಮನನ್ನು ಹುಡುಗಿಯ ಪಕ್ಕದಲ್ಲಿ ಕೂರಿಸಿ, "ಅತ್ತಿ, ನಾ ಬರೋತನ ಒಂದು ಗಳಿಗಿನೂ ಬಿಟ್ಟು ಏಳಬ್ಯಾಡ" ಎಂದು ಹೇಳಿ, ಮೊಬೈಲ್ ಹಿಡಿದಿದ್ದವನನ್ನು ಹುಡುಕಿಕೊಂಡು ಹೊರಟಳು. ಅವನ ಹೆಸರು ಬಾಲರಾಜ, ಊರಿನವನೇ, ಕ್ರಾಸಿನಲ್ಲಿ ರಿಚಾರ್ಜ್ ಅಂಗಡಿ ಇಟ್ಟವನು ಎಂದು ಪರಮಣ್ಣ ಹೇಳಿದ್ದ.

ಅವಳು ಅಂಗಡಿಯ ಮುಂದೆ ನಿಂತಾಗ ಬಾಲರಾಜ ಎದ್ದು ನಿಂತ. ಇಪ್ಪತ್ತರ ಆಸುಪಾಸಿನವನು. ಎರಡೂ ಅಂಗೈಗೆ ಪಟ್ಟಿ ಕಟ್ಟಿಕೊಂಡಿದ್ದ.

"ತೋರಸು" ಎಂದಳು ಬಸವೇಶ್ವರಿ.

ಅವನು ತಲೆ ತಗ್ಗಿಸಿ ಮೊಬೈಲ್ ಮುಂದೆ ಹಿಡಿದ. ಅದರಲ್ಲಿ ಕೆಂಪು ನೀರಿತ್ತು, ಕೂಗುವ ಜನರಿದ್ದರು, ನೀರಿನ ನಡುವೆ ದೂರದಲ್ಲಿ ಒಂದು ನೀಲಿ ಗುರುತು, ಅದರ ಕಡೆಗೆ ಜರುಗುತ್ತಿರುವ ಒಬ್ಬ ಹೆಂಗಸು. ಆ ಹೆಂಗಸು ತಾನೇ ಎಂದು ತಿಳಿಯಲು ಬಸವೇಶ್ವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹೆಂಗಸು ಕಲ್ಲನ್ನು ಮುಟ್ಟಿ, ಒಮ್ಮೆ ದಂಡೆಯ ಕಡೆಗೆ ತಿರುಗಿ ನೋಡಿದಳು. ಅಷ್ಟರಲ್ಲಿ "ಒಗಿಯೋ ಅದನ್ನ, ಹಗ್ಗ ಹಿಡಿ!" ಎಂಬ ಪರಮಣ್ಣನ ಬೈಗುಳ ಕೇಳಿ, ಎಲ್ಲವೂ ಬುಡಮೇಲಾಗಿ, ಪರದೆಯ ತುಂಬ ಹುಲ್ಲು, ಆಮೇಲೆ ಬರೀ ಕತ್ತಲೆ.

"ಅಷ್ಟ ರೀ ಅಕ್ಕಾರ. ಸುಳ್ಳು ಹೇಳಂಗಿಲ್ಲ, ಮೊದಲು ತಗ್ಯಾಕತ್ತಿದ್ದೆ. ಕಾಕಾ ಬೈದ ಮ್ಯಾಲ ಒಗದು ಹಗ್ಗ ಹಿಡದೆ" ಎಂದ ಬಾಲರಾಜ. "ದೋಸ್ತಗೊಬ್ಬಗ ಕಳಿಸಿದ್ದೆ, ಅಂವ ಎಲ್ಲಾರಿಗೂ ಕಳಿಸ್ಯಾನ. ಆದ್ರ ಇದರಾಗ ಮಾರಿ ಕಾಣಂಗಿಲ್ಲ, ಏನೂ ಕಾಣಂಗಿಲ್ಲ ನೋಡ್ರಿ."

"ಬ್ಯಾರೇದವ್ರು ತಗದಾರೇನು?"

"ನನಗ ಗೊತ್ತಿಲ್ರಿ."

ಅವಳು ನೋಡುತ್ತಿದ್ದ ಹಾಗೆಯೇ ಅವನು ಅದನ್ನು ಅಳಿಸಿದ. ಅವಳು ಅವನ ಪಟ್ಟಿ ಕಟ್ಟಿದ ಕೈಗಳನ್ನು ನೋಡಿದಳು, ಬೈಯಲು ಬಂದಿದ್ದವಳಿಗೆ ಬೈಯಲಾಗಲಿಲ್ಲ. ಹಗ್ಗ ಹಿಡಿದದ್ದಕ್ಕೆ ಉಪಕಾರವಾಯಿತು ಎನ್ನಲೂ ಆಗಲಿಲ್ಲ. ಸುಮ್ಮನೆ ತಿರುಗಿ ನಡೆದಳು.

ಮನೆಗೆ ಬಂದು ಹುಡುಗಿಯ ಕಿವಿಯ ಹತ್ತಿರ ಕುಳಿತು, ತಾನು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ನೀಲಿ ಗುರುತು, ಹುಲ್ಲು, ಕತ್ತಲೆ. ಬೇರೆಯವರ ಹತ್ತಿರ ಏನಿದೆಯೋ ಗೊತ್ತಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಚಾದರದೊಳಗಿನಿಂದ ದನಿ ಬಂತು.

"ನಿನಗ ಈಸು ಬರ್ತದೇನು ಚಿಗವ್ವ?"

"ಇಲ್ಲವ್ವ."

"ಮತ್ತ ಯಾಕ ಬಂದಿ?"

ಬಸವೇಶ್ವರಿ ಚಾದರದ ಮೇಲಿಂದಲೇ ಅವಳ ತಲೆ ಸವರಿದಳು. ಚಾದರ ಸ್ವಲ್ಪ ಸರಿಯಿತು. ಶಿವರಂಜನಿ ಅವಳ ಅಂಗೈಯ ಪಟ್ಟಿಯನ್ನು ನೋಡಿ, "ನೋಯ್ತದೇನು?" ಎಂದಳು. ಆಮೇಲೆ ಇಬ್ಬರೂ ಅತ್ತರು, ಬೇರೆ ಬೇರೆ ಕಡೆಗೆ ಮುಖ ಮಾಡಿಕೊಂಡು.

ಜ್ವರ ಇಳಿದ ಮೇಲೆಯೂ ಬಸವೇಶ್ವರಿ ಮಷೀನಿನ ಮುಂದೆ ಕೂರಲಿಲ್ಲ. ಉಸ್ಮಾನಸಾಬರ ಉಳಿದ ಬಟ್ಟೆ ಮೂಲೆಯಲ್ಲಿ ಸುರುಳಿಯಾಗಿ ನಿಂತಿತ್ತು. ಕಸ ಹೊಡೆಯುವಾಗಲೂ ಅವಳು ಅದನ್ನು ಮುಟ್ಟುತ್ತಿರಲಿಲ್ಲ. ಅದನ್ನು ಬಿಚ್ಚಿ ನೆಲಕ್ಕೆ ಹಾಸಿದವಳು ಶಿವರಂಜನಿಯೇ. ಅದರ ಮೇಲೆ ತಾನೇ ಅಂಗಾತ ಮಲಗಿ, ಎಲ್ಲಿಯವರೆಗೆ ಬೇಕು ಎಂದು ಕೈಯಿಂದ ತೋರಿಸಿದಳು. ಮೊಣಕಾಲಿನಿಂದ ಒಂದು ಗೇಣು ಕೆಳಗೆ.

"ಮುಂದ ಹೆಂಗ ಮುಚ್ಲಿ?" ಎಂದು ಕೇಳಿದಳು ಬಸವೇಶ್ವರಿ. ಸೀಮೆಸುಣ್ಣದಿಂದ ಅಲ್ಲಿಗೆ ಗೆರೆ ಎಳೆದಳು.

"ಜಗ್ಗಿದ್ರ ಬಿಚ್ಚಬೇಕು. ಗಾಳಿಗಿ ತೆರದ್ರ ತೆರೀಲಿ, ಕೈಲೆ ಹಿಡ್ಕೋತೀನಿ" ಎಂದಳು ಹುಡುಗಿ. ಆಮೇಲೆ, "ಒಳಗ ಬಿಳಿ ಅಂಗಿ ಮ್ಯಾಲ ಇನ್ನೊಂದು ದಪ್ಪಂದು ಹೊಲದು ಕೊಡು. ತೊಯ್ದ್ರೂ ಚಿಂತಿಲ್ಲ" ಎಂದಳು.

ಹೊಲಿಗೆ ನಿಧಾನವಾಗಿ ಆಯಿತು. ಬಸವೇಶ್ವರಿ ಮುಂದಿನ ಅಂಚಿಗೆ ಒತ್ತುಗುಂಡಿಗಳನ್ನು ಹಚ್ಚಿ, ಒಂದೊಂದು ಹಚ್ಚಿದ ಮೇಲೂ ಎರಡು ಕೈಯಿಂದ ಎಳೆದು, ಬಿಚ್ಚುತ್ತದೆಯೇ ಎಂದು ನೋಡುತ್ತಿದ್ದಳು. ಹಸ್ತ ಮಳೆ ಬಂದ ಬೆಳಗ್ಗೆ ಶಿವರಂಜನಿ ಅದನ್ನು ಹಾಕಿಕೊಂಡು ಶಾಲೆಗೆ ಹೊರಟಾಗ, ಕ್ರಾಸಿನವರೆಗೆ ತಾನೂ ಬರುತ್ತೇನೆಂದು ಬಸವೇಶ್ವರಿ ಸೆರಗು ಬಿಗಿದು ಜೊತೆಗೆ ನಡೆದಳು. ಹಳ್ಳದ ನೀರು ಸೇತುವೆಯಿಂದ ಎಷ್ಟೋ ಕೆಳಗೆ ಸದ್ದಿಲ್ಲದೆ ಹರಿಯುತ್ತಿತ್ತು. ಸಿಮೆಂಟಿನ ಹಾಸು ಒದ್ದೆಯಾಗಿತ್ತು, ಅಷ್ಟೇ. ಆದರೂ ಅದರ ಮೇಲೆ ಕಾಲಿಡುವಾಗ ಅವಳು ಹುಡುಗಿಯ ಕೈಯನ್ನು ಹಿಡಿದುಕೊಂಡಳು.

ನಡುಸೇತುವೆಗೆ ಬಂದಾಗ ಶಿವರಂಜನಿ ಮೆಲ್ಲಗೆ, "ಬಿಡು ಚಿಗವ್ವ, ಕೈ ನೋಯಾಕತ್ತದ" ಎಂದಳು.

"ಆಚೀಗಿ ಹೋಗ್ಲಿ ತಡಿ" ಎಂದಳು ಬಸವೇಶ್ವರಿ. ಆಚೆ ದಂಡೆ ಮುಟ್ಟಿ, ಕೆಸರಿನ ದಾರಿ ಹತ್ತಿ, ಕ್ರಾಸಿನ ಬಸ್ಸು ಕಾಣುವವರೆಗೂ ಅವಳು ಆ ಕೈಯನ್ನು ಬಿಡಲಿಲ್ಲ.